ನಮ್ಮ ಬ್ಲಾಕಿನ ಬಹುಮತ

ಕೊರೊನಾ ಕಾಲದಲ್ಲಿ ಲೋಕವೇ ಬಾಗಿಲು ಹಾಕಿತ್ತು ಎನ್ನುತ್ತಾರೆ. ಮಲೇಷ್ಯಾದ ಪೆಟಾಲಿಂಗ್ ಜಯಾದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಪ್ರಜಾಪ್ರಭುತ್ವಕ್ಕೆ ಮಾತ್ರ ಒಂದು ದಿನವೂ ರಜೆ ಇರಲಿಲ್ಲ. ವಾರಕ್ಕೊಂದು ಮತದಾನ ನಡೆದೇ ನಡೆಯುತ್ತಿತ್ತು.

ಹೊಣೆ ಯಾರದು

ನಮ್ಮ ಬ್ಲಾಕಿನ ಅಧ್ಯಕ್ಷರು ಬೆಂಗಳೂರಿನವರು, ನನ್ನಂತೆಯೇ ಐಟಿಯವರು. "ಮುಚ್ಚಿರೋ ಈಜುಕೊಳ ತೆರೆಸ್ತೀನಿ" ಎಂದು ಭರವಸೆ ಕೊಟ್ಟೇ ಗೆದ್ದವರು. ಸರ್ಕಾರ ಹಾಕಿಸಿದ ಬೀಗ ಇವರ ಮಾತು ಕೇಳುತ್ತದೆಯೇ? ಜನ ಗೊಣಗತೊಡಗಿದಾಗ ಎಲ್ಲರ ಫೋನಿಗೊಂದು ಲಿಂಕ್ ಬಂತು: ಈಜುಕೊಳ ಮುಚ್ಚಿರುವುದಕ್ಕೆ ಯಾರು ಹೊಣೆ? ಮ್ಯಾನೇಜರ್, ಸೆಕ್ಯುರಿಟಿ, ಹಿಂದಿನ ಅಧ್ಯಕ್ಷ ಎಂದು ಮೂರು ಆಯ್ಕೆ. ಹಿಂದಿನ ಅಧ್ಯಕ್ಷರು ಭಾರಿ ಬಹುಮತದಿಂದ ತಪ್ಪಿತಸ್ಥರಾದರು. ಪಾಪ, ಅವರು ಕೊರೊನಾ ಹುಟ್ಟುವ ಮೊದಲೇ ಮೈಸೂರಿಗೆ ವಾಪಸಾಗಿದ್ದರು.

ಯುಗಾದಿ ಯಾವತ್ತು

ಮೂರು ತಿಂಗಳಿಗೆಂದು ಬಂದ ನಮ್ಮಮ್ಮ, ವಿಮಾನ ನಿಂತು, ನಮ್ಮಲ್ಲೇ ಉಳಿದುಬಿಟ್ಟಿದ್ದರು. ಆ ವರ್ಷ ಯುಗಾದಿ ಮಂಗಳವಾರ ಬಂದಿತ್ತು. ಬ್ಲಾಕಿನ ಕನ್ನಡಿಗರು ರಜೆಯಿಲ್ಲವೆಂದು ಭಾನುವಾರಕ್ಕೆ ವೋಟು ಹಾಕಿದರು.

"ಪಂಚಾಂಗದಲ್ಲಿ ಮಂಗಳವಾರ ಇದೆಯಲ್ಲಪ್ಪ" ಎಂದರು ಅಮ್ಮ.

"ಇರ್ಲಿ ಅಮ್ಮ, ಪಂಚಾಂಗಕ್ಕೂ ಒಂದೇ ವೋಟು" ಎಂದರು ಅಧ್ಯಕ್ಷರು.

ವಾಕಿಂಗೋ ಸೈಕಲ್ಲೋ

ನಿರ್ಬಂಧ ಸಡಿಲವಾಗಿ, ಕೆಳಗಿನ ಪಾರ್ಕು ನಮ್ಮ ಬ್ಲಾಕಿಗೆ ದಿನಕ್ಕೊಂದು ಗಂಟೆ ಸಿಕ್ಕಿತು. ಅದು ಹಿರಿಯರ ವಾಕಿಂಗಿಗೋ, ಮಕ್ಕಳ ಸೈಕಲ್ಲಿಗೋ? ಮತ್ತೆ ಮತದಾನ, ಮನೆಗೊಂದು ವೋಟು.

ಮನೆಯೊಳಗೇ ಕೂತು ಕೂತು ಅಮ್ಮನ ಮಂಡಿ ಹಿಡಿದುಕೊಂಡಿತ್ತು. "ದಿನಾ ಒಂದರ್ಧ ಗಂಟೆ ನಡೆದ್ರೆ ಸಾಕಿತ್ತು ಕಣೋ" ಎನ್ನುತ್ತಿದ್ದರು. ಕೇಳಿ ನನಗೆ ಸಂಕಟವಾಗುತ್ತಿತ್ತು. ಹಿರಿಯರ ಹಕ್ಕಿನ ಬಗ್ಗೆ ಬ್ಲಾಕಿನ ವಾಟ್ಸಾಪ್ ಗುಂಪಿನಲ್ಲಿ ಉದ್ದುದ್ದ ಬರೆದೆ. ಮನೆಮನೆಗೂ ಫೋನ್ ಮಾಡಿ ಮತದಾನ ಪವಿತ್ರ ಕರ್ತವ್ಯ ಎಂದು ಕೊರೆದೆ.

ಫಲಿತಾಂಶ ಬಂತು. ಸೈಕಲ್ಲಿಗೆ ಹನ್ನೊಂದು, ವಾಕಿಂಗಿಗೆ ಹತ್ತು.

ನನಗೆ ಮೈಯೆಲ್ಲ ಉರಿಯಿತು. ಇದು ಮೋಸ, ಯಾವ ಮನೆ ಯಾವ ಕಡೆ ಎಂದು ಪಟ್ಟಿ ಹಾಕಿ ಎಂದು ಹಟ ಹಿಡಿದೆ. ಅಧ್ಯಕ್ಷರು ಬಹಳ ಸಂತೋಷದಿಂದ ಹಾಕಿದರು. ಸೈಕಲ್ಲಿನ ಹನ್ನೊಂದು ಮನೆಗಳಲ್ಲಿ ನಮ್ಮದೂ ಒಂದು.

ಮತದಾನದ ದಿನ ಬೆಳಿಗ್ಗೆ ಆನ್‌ಲೈನ್ ಕ್ಲಾಸಿಗೆಂದು ನನ್ನ ಫೋನು ಮಗಳ ಕೈಯಲ್ಲಿತ್ತು. "ಲಿಂಕ್ ಕೇಮ್, ಸೋ ಐ ವೋಟೆಡ್ ಲಾ, ಅಪ್ಪಾ" ಎಂದಳು, ಇಲ್ಲಿಯವರಂತೆ 'ಲಾ' ಸೇರಿಸಿ. ನಾನು ಗದರಲು ಬಾಯಿ ತೆರೆದೆ. ಮಂಡಿ ನೀವಿಕೊಳ್ಳುತ್ತಿದ್ದ ಅಮ್ಮ ತಡೆದರು.

"ಮಗೂನ ಯಾಕೋ ಬೈತೀಯ? ಅವಳು ವೋಟಾದ್ರೂ ಹಾಕಿದ್ಲು. ನೀನು ಹಾಕಿದ್ಯಾ?"

ಊರಿಗೆಲ್ಲ ಫೋನ್ ಮಾಡುವ ಗಡಿಬಿಡಿಯಲ್ಲಿ ನಾನು ಮರೆತೇಬಿಟ್ಟಿದ್ದೆ.