ಹಿತ್ತಲು ನೋಡುವ ಮಾಮಾ

ನಮ್ಮ ಮಾಮಾ ಯಾರ ಮನೆಗೂ ಮೊದಲ ಸಲ ಮುಂಬಾಗಿಲಿನಿಂದ ಹೋದವನಲ್ಲ. ಕಳ್ಳನೇ? ಛೇ, ರಬಕವಿಯ ಸೀರೆ ವ್ಯಾಪಾರಿ! ನಮ್ಮ ಅವ್ವನ ಖಾಸಾ ತಮ್ಮ. ಸೀರೆ ಕೈಗೆ ಬಂದರೆ ಮೊದಲು ಮಗುಚಿ ಹಿಂಬದಿಯ ಎಳೆ ನೋಡುವುದು ಅವನ ಕಸುಬು. ಆ ಚಟ ಸೀರೆಗೆ ನಿಲ್ಲಲಿಲ್ಲ ಎನ್ನುವುದೇ ನಮ್ಮ ಕರ್ಮ.

ನನ್ನ ಅಕ್ಕನಿಗೆ ಗಂಡು ನೋಡಲು ಗಲಗಲಿ ಊರಿಗೆ ಕಳಿಸಿದರೆ ಹುಡುಗನ ಮನೆಯ ಹಿತ್ತಲು ಸುತ್ತಿ ಬಂದುಬಿಟ್ಟ.

"ಹುಡುಗ ಹೆಂಗದಾನೋ?" ಎಂದಳು ಅವ್ವ.

"ಹುಡುಗನ್ನ ಯಾರ ನೋಡ್ಯಾರ? ಬಚ್ಚಲಾ ಭಾಳ ಛಲೋ ಐತಿ!"

ಅಕ್ಕ ಅದೇ ಮನೆಯಲ್ಲಿ ಸುಖವಾಗಿದ್ದಾಳೆ. ಹಾಗಾಗಿ ನಾನು ಪಿಯುಸಿ ಮುಗಿಸಿ, ಕೃಷಿ ವ್ಯಾಪಾರದ ಪದವಿ ಓದುತ್ತೇನೆಂದು ಹಟ ಹಿಡಿದಾಗ ಅಪ್ಪ ಹೇಳಿದ್ದು ಒಂದೇ ಮಾತು: "ಫೀ ನಮ್ಮ ಕೈಗೆ ನಿಲುಕಬೇಕು, ನಿಮ್ಮ ಮಾಮಾ ಹೂಂ ಅನಬೇಕು. ಇಲ್ಲಾಂದ್ರ ಜಮಖಂಡಿಯೊಳಗ ಬಿ.ಎ. ಮಾಡು."

ಮೊದಲ ಕಾಲೇಜಿಗೆ ದೊಡ್ಡ ಕಮಾನು, ಗಾಜಿನ ಆಫೀಸು. ಫೀ ಕೇಳಿ ಅಪ್ಪ ಎರಡು ಗ್ಲಾಸು ನೀರು ಕುಡಿದರು. ಮಾಮಾ ಮಾತ್ರ ನಾಪತ್ತೆ! ಅರ್ಧ ತಾಸಿನ ಮೇಲೆ ಕಟ್ಟಡದ ಹಿಂದಿನಿಂದ ಒಣಗಿದ ಬದನೆ ಗಿಡವೊಂದನ್ನು ಹಿಡಿದುಕೊಂಡು ನೇರ ಪ್ರಿನ್ಸಿಪಾಲರ ಮುಂದೆ ಬಂದು ನಿಂತ.

"ಸಾಹೇಬ್ರ, ವ್ಯಾಪಾರ ಕಲಸತೀರಿ, ಖರೆ. ಮಾರಾಕ ಬದನಿಕಾಯಿ ಎಲ್ಲೈತ್ರಿ?"

ನಾನು ನೆಲ ನೋಡುತ್ತ ಹೊರಗೆ ಬಂದೆ. ಎರಡನೆಯ ಕಾಲೇಜಿನಲ್ಲಿ ಫೀ ಕಡಿಮೆ, ಆದರೆ ವಾಚ್‌ಮನ್ ಕಟ್ಟಡದ ಹಿಂದೆ ಹೋಗಲು ಬಿಡಲಿಲ್ಲ. ಮಾಮಾ ಗೇಟಿನಿಂದಲೇ ಬಸ್‌ಸ್ಟ್ಯಾಂಡಿಗೆ ತಿರುಗಿದ. ಅರ್ಜಿ ಹಾಕಲು ಮೂರೇ ದಿನ ಉಳಿದಿದ್ದವು.

"ಮಾಮಾ, ನಿನ್ನ ಕಾಲಿಗೆ ಬೀಳ್ತೀನಿ, ಒಂದು ಕಾಲೇಜಿಗರೆ ಹೂಂ ಅನ್ನು!"

"ನಾಕು ವರ್ಷ ಉಡೂ ಸೀರಿ ಬೇ ಇದು. ಸುಮ್ಮನ ಹೂಂ ಅನ್ನಾಕ ಬರತೈತೇನು?"

ಮುಧೋಳದ ಆಚೆಗಿನ ಮೂರನೆಯ ಕಾಲೇಜಿನ ಬೋರ್ಡಿನಲ್ಲಿ ಅರ್ಧ ಅಕ್ಷರಗಳು ಅಳಿಸಿದ್ದವು. ಫೀ ನಿಲುಕುವಷ್ಟೇ ಇತ್ತು. ಆದರೆ ಕಟ್ಟಡದ ಆ ಮುಂಭಾಗ ನೋಡಿ ನನಗೇ ಬೇಡವೆನಿಸಿತು. ಮಾಮಾ ಎಂದಿನಂತೆ ಹಿಂದೆ ಹೋದ. ಬಂದಾಗ ಟವೆಲಿನ ತುಂಬ ಟೊಮೆಟೊ!

"ಹಿಂದ ಹುಡುಗ್ಯಾರು ತಾವ ಬೆಳದು ತಾವ ಮಾರಾಕತ್ತಾರ. ಇಪ್ಪತ್ತು ವರ್ಷ ಚೌಕಾಶಿ ಮಾಡಿದಾವ ನಾ, ಒಂದು ರೂಪಾಯಿ ಬಿಡಲಿಲ್ಲ ಆ ಪೋರಿ! ಇಲ್ಲೇ ಹಚ್ಚರಿ ಈಕಿನ್ನ."

ಹಾಸ್ಟೆಲಿಗೆ ಬಿಡಲು ಬಂದವನೂ ಅವನೇ. ಗೇಟಿನಲ್ಲಿ ನನ್ನ ಕಣ್ಣು ತುಂಬಿದ್ದನ್ನು ಕಂಡು, "ಅಳೂ ಮಂದಿ ಕಡೆ ಯಾರೂ ಟೊಮೆಟೊ ತಗೊಳ್ಳಂಗಿಲ್ಲ ನೋಡು" ಎಂದು ನಕ್ಕು ಹೊರಟೇಬಿಟ್ಟ. ಒಂದು ಸಲ ತಿರುಗಿಯೂ ನೋಡಲಿಲ್ಲ. ಎಂಥ ಕಲ್ಲು ಮನುಷ್ಯ ಎಂದು ಸಿಟ್ಟು ಬಂತು.

ನನ್ನ ಕೋಣೆ ಹಿಂದುಗಡೆ ಇತ್ತು. ಕಿಟಕಿ ತೆರೆದರೆ ಕೆಳಗೆ ನೀರಿನ ಟಾಕಿಯ ಹತ್ತಿರ ಮಾಮಾ! ಟವೆಲಿನಲ್ಲಿ ಮುಖ ಮುಚ್ಚಿಕೊಂಡಿದ್ದ. ಭುಜ ಅಲುಗುತ್ತಿತ್ತು.

"ಮಾಮಾ!"

ಬೆಚ್ಚಿ ಮೇಲೆ ನೋಡಿದ. "ಏನಿಲ್ಲ ಬೇ... ಟಾಕಿ ನೋಡಾಕ ಬಂದಿದ್ನಿ. ಸಿಮೆಂಟ ಉದುರಿ ಕಣ್ಣಾಗ ಬಿತ್ತು."

ಟಾಕಿ ಪ್ಲಾಸ್ಟಿಕ್ಕಿನದು. ನಾನು ಕಿಟಕಿಯ ಸರಳು ಹಿಡಿದು ಜೋರಾಗಿ ಅತ್ತುಬಿಟ್ಟೆ.