ಎರಡು ಸಲ ಕುದ್ದ ಕೊಳವೆ

ಗಂಡಸಿಗೆ ನೆಗಡಿ ಬಂದರೆ ಓಣಿಗೆಲ್ಲ ಗೊತ್ತಾಗುತ್ತದೆ. ಮೂಲವ್ಯಾಧಿ ಬಂದರೆ ಹೆಂಡತಿಗೂ ಗೊತ್ತಾಗುವುದಿಲ್ಲ. ನನಗೆ ಗೊತ್ತಾದದ್ದು ನಮ್ಮವರ ಧೋತರ ಒಗೆಯುವಾಗ. ಅದಕ್ಕೆ ರಕ್ತ ಹತ್ತಿತ್ತು. ಅವರ ಅಣ್ಣ ಹೀಗೇ ಮುಚ್ಚಿಟ್ಟುಕೊಂಡು, ಕೊನೆಗೆ ಒಳಗಿನ ಗಡ್ಡೆಯಿಂದ ಸತ್ತಿದ್ದ. ಆ ಹೊತ್ತೇ ನಮ್ಮೂರು ಸವಡಿಯಿಂದ ಚಕ್ಕಡಿ ಕಟ್ಟಿಸಿ ರೋಣದ ದವಾಖಾನೆಗೆ ಎಳೆದೊಯ್ದೆ.

"ಕೊಳವಿ ಹಾಕಿ ಒಳಗ ನೋಡಬೇಕ್ರಿ. ಗಡ್ಡಿ ಐತೋ, ಬರೇ ಮೂಲವ್ಯಾಧಿಯೋ ತಿಳೀತದ" ಎಂದರು ಡಾಕ್ಟರು.

"ಯಾರ್ಯಾರಿಗೆ ಹಾಕ್ಯಾರೋ ಅದನ್ನ! ನಡಿ ಮನಿಗೆ" ಎಂದು ನಮ್ಮವರು ಎದ್ದೇ ಬಿಟ್ಟರು. ಅವರದೂ ತಪ್ಪಲ್ಲ. ತಂಬಿಗೆಯನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುವ ಮನುಷ್ಯ. ಮೇಲಿನ ಬಾಯಿಗೇ ಇಷ್ಟು ಮಡಿಯಿದ್ದರೆ ಕೆಳಗಿನದಕ್ಕೆ ಬೇಡವೇ?

ಅಲ್ಲಿದ್ದ ನರ್ಸಬಾಯಿ ಸಿಟ್ಟಾಗಲಿಲ್ಲ. "ಬರ್ರಿ ಅವ್ವಾರ, ನಿಮ್ಮ ಕಣ್ಣಿಲೆ ನೋಡ್ರಿ. ಆಮ್ಯಾಲ ಅವರಿಗೆ ಹೇಳ್ರಿ" ಎಂದು ನನ್ನನ್ನು ಒಳಗೆ ಕರೆದಳು. ತಗಡಿನ ಕೊಳವೆಯಿಂದ ಅದರೊಳಗಿನ ಕಡ್ಡಿಯನ್ನು ಬಿಚ್ಚಿದಳು. ಸಾಬೂನು ಹಚ್ಚಿ, ಸಣ್ಣ ಬ್ರಶ್ಶು ತೂರಿಸಿ ಒಳಗೂ ಹೊರಗೂ ತಿಕ್ಕಿದಳು. ಬೆಳಕಿಗೆ ಹಿಡಿದು ನೋಡಿದಳು. ಮನಸ್ಸಿಗೆ ಬರಲಿಲ್ಲ, ಮತ್ತೆ ತಿಕ್ಕಿದಳು. ಆಮೇಲೆ ಕೊತಕೊತ ಕುದಿಯುವ ನೀರಿನಲ್ಲಿ ಮುಳುಗಿಸಿ ಮುಚ್ಚಳ ಹಾಕಿದಳು. ಸೊಸೆಯಂದಿರು ತಿಕ್ಕಿದ ಪಾತ್ರೆಯಲ್ಲಿ ಕೊಳೆ ಹುಡುಕುವುದರಲ್ಲಿ ನಾನು ಪಳಗಿದವಳು. ಅವತ್ತು ಎಷ್ಟು ಹುಡುಕಿದರೂ ಏನೂ ಸಿಗಲಿಲ್ಲ. ಇಂಥವಳು ನನಗೆ ಸೊಸೆಯಾಗಿ ಬರಲಿಲ್ಲವಲ್ಲ ಎನ್ನಿಸಿತು. ಬಂದಿದ್ದರೆ ಬಯ್ಯಲು ಏನೂ ಇರದೆ ನಾನೇ ಜಡ್ಡು ಬೀಳುತ್ತಿದ್ದೆ, ಆ ಮಾತು ಬೇರೆ.

ಹೊರಗೆ ಬಂದು, "ನಮ್ಮ ದೇವರ ಸಾಮಾನೂ ಇಷ್ಟು ಸ್ವಚ್ಛ ಇರಂಗಿಲ್ಲ, ಸುಮ್ಮನ ಮಲಕೋರಿ" ಎಂದು ಗದರಿಸಿದೆ. ನಮ್ಮವರು ಧೋತರ ಸಡಿಲಿಸಿ, ಗೋಡೆಗೆ ಮುಖ ಮಾಡಿ ಮಲಗಿದರು. ನರ್ಸಬಾಯಿ ಇಕ್ಕಳದಲ್ಲಿ ಕೊಳವೆ ಹಿಡಿದು ತಂದಳು. ನೀರು ತೊಟತೊಟ ಸೋರುತ್ತಿತ್ತು. ತೊಳೆದ ಸಾಮಾನನ್ನು ಹಸಿಯಾಗಿ ಕೊಡುವ ರೂಢಿ ನಮ್ಮ ಮನೆಯಲ್ಲಿಲ್ಲ. ಫಕ್ಕನೆ ಸೆರಗಿನಿಂದ ಒರೆಸಿಬಿಟ್ಟೆ.

ಆಕೆ ಅಲ್ಲೇ ನಿಂತಳು.

"ಮಡಿ ಸೀರಿ ಐತವಾ!" ಎಂದೆ.

"ಸೆರಗು ಭಾಳ ಚಲೋ ಐತ್ರಿ. ಆದರ ಅದನ್ನ ಕುದಿಸಿಲ್ಲಲ್ರಿ?" ಎಂದು ನಕ್ಕು, ಕೊಳವೆಯನ್ನು ತಿರುಗಿ ಒಳಗೊಯ್ದಳು.

"ಏನ ನಡಸೀರಿ ಅಲ್ಲೆ? ಥಂಡಿ ಹತ್ತಾಕತ್ತೇತಿ!" ಎಂದು ಗೋಡೆಯ ಕಡೆಯಿಂದ ಕೂಗು ಬಂತು.

"ಮತ್ತೊಮ್ಮೆ ಕುದಸಾಕ ಹತ್ಯಾರ" ಎಂದೆ. ಯಾಕೆಂದು ಹೇಳಲಿಲ್ಲ.

ಕಡೆಗೂ ಡಾಕ್ಟರು ನೋಡಿದರು. ಗಡ್ಡೆ ಇರಲಿಲ್ಲ, ಬರೀ ಮೂಲವ್ಯಾಧಿ. ನಾನು ದವಾಖಾನೆಯ ಕಟ್ಟೆಯ ಮೇಲೆ ಕೂತುಬಿಟ್ಟೆ. ಅಲ್ಲಿ ಕೂತು ಅತ್ತೆನೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಈಗ ನಮ್ಮವರು ಬಂದವರಿಗೆಲ್ಲ ಹೇಳುತ್ತಾರೆ: "ಬಾಕಿ ಮಂದಿಗೆ ಒಂದ ಸಲ ಕುದಸ್ತಾರ. ನನಗ ಎರಡು ಸಲ ಕುದಿಸಿದ್ರು. ಮನಷ್ಯಾನ್ನ ನೋಡಿ ಮಾಡ್ತಾರಪಾ!" ಕೇಳಿದವರು ನನ್ನ ಮುಖ ನೋಡುತ್ತಾರೆ. ನಾನು ಹೌದೆಂದು ತಲೆಯಾಡಿಸುತ್ತೇನೆ. ಗಂಡನಿಗೆ ಇಷ್ಟು ಮಾನ ತಂದುಕೊಟ್ಟ ಹೆಂಡತಿ ಸವಡಿಯಲ್ಲಿ ಇನ್ನೊಬ್ಬಳಿದ್ದರೆ ತೋರಿಸಿ.