ಖಾಲಿ ಗಾಡಿಯ ತೂಕ

ನಮ್ಮ ಮಾಮಾ ಕಾರು ಕೊಂಡದ್ದು ಓಡಿಸುವುದಕ್ಕಲ್ಲ, ಬಿಚ್ಚುವುದಕ್ಕೆ! ಲೋಕದ ಜನ ಕಾರು ಕೊಂಡ ಮೇಲೆ ಸೀಟಿಗೆ ಕವರು, ಗಾಜಿಗೆ ಪರದೆ, ಮುಂದುಗಡೆ ತಲೆಯಾಡಿಸುವ ನಾಯಿಮರಿ ಅಂತ ಒಂದೊಂದೇ ಸೇರಿಸುತ್ತಾರೆ. ಮಾಮಾ ಒಂದೊಂದೇ ಕಳೆಯುತ್ತಾನೆ. ಮೊದಲು ಹಿಂದಿನ ಸೀಟು ಹೋಯಿತು. ಆಮೇಲೆ ಏಸಿ, ರೇಡಿಯೋ, ನೆಲದ ಹಾಸು. ಒಂದು ಭಾನುವಾರ ಹೋಗಿ ನೋಡಿದರೆ ಛಾವಣಿಯೇ ಇಲ್ಲ. ಮುಂದಿನ ಭಾನುವಾರ ಬಾಗಿಲುಗಳೂ ಇಲ್ಲ. ಅದರ ಮುಂದಿನ ಭಾನುವಾರಕ್ಕೆ ಕಾರೇ ಇರುತ್ತದೋ ಇಲ್ಲವೋ ಎಂಬ ಚಿಂತೆಯಲ್ಲಿ ನಾನು ಶನಿವಾರವೇ ಹೋದೆ.

(ಹಿರಿಯನನ್ನು ಅವನು ಇವನು ಅಂತ ಬರೆಯುತ್ತಿದ್ದಾಳೆ ಎಂದು ಬೇಸರಿಸಬೇಡಿ. ನಮ್ಮ ಕಡೆ ಸೋದರಮಾವನಿಗೆ ಏಕವಚನವೇ. ಬಹುವಚನ ಹಚ್ಚಿದರೆ ಅದನ್ನೂ ಅವನು ಭಾರವೆಂದು ಬಿಚ್ಚಿಡುತ್ತಾನೆ.)

ಮಾಮಾ ಇರುವುದು ಇಚಲಕರಂಜಿಯಲ್ಲಿ. ಮಗ್ಗಗಳ ಬಿಡಿಭಾಗ ಮಾಡುವ ಸಣ್ಣ ಲೇಥ್ ಕಾರ್ಖಾನೆ ಅವನದು. ದಿನಾ ಬಸದಿಗೆ ಹೋಗಿ, ಹೊತ್ತು ಮುಳುಗುವ ಮೊದಲೇ ಉಂಡು, ಕೈ ತೊಳೆದು ಕೂರುವ, ಅರವತ್ತರ ಹತ್ತಿರದ ಸಂಭಾವಿತ. ಇಂಥವನಿಗೆ ಹುಚ್ಚು ಹತ್ತಿದ್ದು ಕೊಲ್ಲಾಪುರದಲ್ಲಿ, ನನ್ನ ಮಗಳ ಹುಟ್ಟುಹಬ್ಬದ ದಿನ. ಮಕ್ಕಳನ್ನು ಗೋ-ಕಾರ್ಟ್ ಓಡಿಸುವ ಮೈದಾನಕ್ಕೆ ಕರೆದೊಯ್ದಿದ್ದೆವು. ನಾಲ್ಕು ಗಾಲಿ, ಒಂದು ಸೀಟು, ಒಂದು ಇಂಜಿನ್ನು, ಮುಗಿಯಿತು. "ಹುಡುಗ್ರು ಅಂಜಾಕತ್ತಾವ, ನಾ ಒಂದ ಸುತ್ತ ಹೊಡದ ತೋರಸ್ತೇನಿ" ಎಂದು ಕೂತ ಮಾಮಾ ಹನ್ನೊಂದು ಸುತ್ತು ಇಳಿಯಲಿಲ್ಲ! ಮಕ್ಕಳು ಸಾಲಿನಲ್ಲಿ ನಿಂತು ಅತ್ತವು. ಕೇಕು ಕತ್ತರಿಸುವಾಗಲೂ ಅವನ ತಲೆಯ ಮೇಲೆ ಹೆಲ್ಮೆಟ್ಟಿತ್ತು. ಮರಳುವಾಗ ತನ್ನ ದೊಡ್ಡ ಏಸಿ ಕಾರಿನ ಸ್ಟಿಯರಿಂಗ್ ಹಿಡಿದು ನಿಟ್ಟುಸಿರು ಬಿಟ್ಟ.

"ಇದು ಗಾಡಿ ಅಲ್ಲ ಬೇ, ಗೋದಾಮ ಐತಿ. ರಸ್ತಾ ನನಗ ಏನ ಹೇಳಾಕತ್ತೈತಿ ಅನ್ನೂದ ಒಂದೂ ತಿಳಿಯಂಗಿಲ್ಲ."

ರಸ್ತೆ ಹೇಳುವುದನ್ನು ಕೇಳಿಸಿಕೊಳ್ಳಲಿಕ್ಕೆಂದೇ ಅವನು ಹಳೆಯದೊಂದು ಸಣ್ಣ ಕಾರು ತಂದು ಕಾರ್ಖಾನೆಯ ಹಿಂದೆ ನಿಲ್ಲಿಸಿದ. ಗ್ಯಾಸ್ ಕಟರು, ವೆಲ್ಡಿಂಗ್ ಎಲ್ಲ ಕೈಗೆ ಸಿಗುವಂತಿತ್ತು, ಕೇಳಬೇಕೇ? ಬಿಚ್ಚಿದ ಪ್ರತಿಯೊಂದನ್ನೂ ಪಕ್ಕದ ಮಗ್ಗದವರ ನೂಲಿನ ಉಂಡೆ ತೂಗುವ ತಕ್ಕಡಿಯಲ್ಲಿಟ್ಟು ತೂಗುತ್ತಿದ್ದ. ಕಾಗದಪತ್ರಗಳ ಕಥೆ ಬಿಡಿ. ಅದಕ್ಕೆಂದು ಕೊಲ್ಲಾಪುರದ ಆರ್‌ಟಿಒ ಕಚೇರಿಗೆ ಅಲೆದು ಅಲೆದು ಅವನ ತೂಕವೂ ನಾಲ್ಕು ಕಿಲೋ ಇಳಿಯಿತು. ಅದಕ್ಕೂ ಖುಷಿಪಟ್ಟ!

ಕಾಗಲದ ಹೊರಗೆ, ಹೆದ್ದಾರಿಯ ಪಕ್ಕ, ಕಬ್ಬಿನ ಗಾಡಿ ತೂಗುವ ಒಂದು ಕಾಟಾ ಇದೆ. ಅಲ್ಲಿಯ ಪದ್ಧತಿ ನಮ್ಮ ಭಾಗದಲ್ಲಿ ಎಲ್ಲರಿಗೂ ಗೊತ್ತು. ಮೊದಲು ತುಂಬಿದ ಗಾಡಿಯ ತೂಕ, ಕಬ್ಬು ಇಳಿಸಿ ಬಂದ ಮೇಲೆ ಖಾಲಿ ಗಾಡಿಯ ತೂಕ. ಮಾಮಾ ತನ್ನ ಬೋಳು ಕಾರನ್ನು ಎರಡು ಟ್ರ್ಯಾಕ್ಟರುಗಳ ನಡುವೆ ನಿಲ್ಲಿಸಿ ಸರದಿ ಕಾಯುತ್ತಿದ್ದ. ಮೊದಲ ದಿನ ಕಾಟಾದವನು ಕಿಟಕಿಯಿಂದ ತಲೆ ಹೊರಹಾಕಿದ.

"ಕಾಕಾ, ಏನ ಭರ್ತಿ ತಂದೀರಿ?"

"ಏನೂ ಇಲ್ಲೋ. ಖಾಲಿ ಗಾಡಿ ತೂಗು."

"ಹಂಗಾರ ಯಾತರದ ತೂಕ ಮಾಡ್ಲಿರಿ?"

"ಇಲ್ಲದ್ದರದ್ದು!"

ಅವನು ನಕ್ಕು ತೂಗಿದ. ಆದರೆ ಟನ್ನುಗಟ್ಟಲೆ ಕಬ್ಬು ತೂಗುವ ಆ ಕಾಟಾಕ್ಕೆ ಹತ್ತು ಕಿಲೋಕ್ಕಿಂತ ಕಡಿಮೆಯದು ಲೆಕ್ಕಕ್ಕೇ ಇಲ್ಲ. ಹಿಂದಿನ ಡಿಕ್ಕಿಯ ನಲವತ್ತು ಗ್ರಾಮಿನ ದೀಪ ಬಿಚ್ಚಿ ಮಾಮಾ ಮರುವಾರ ಮತ್ತೆ ಹೋದ. ಅಂಕಿ ಕದಲಲಿಲ್ಲ. "ನಿನ್ನ ಕಾಟಾ ಕೆಟ್ಟೈತಿ" ಎಂದು ಅರ್ಧ ತಾಸು ಜಗಳ! ಹಿಂದೆ ನಿಂತ ಟ್ರ್ಯಾಕ್ಟರಿನವರು ಕೆಳಗಿಳಿದು ಬಂದು ನ್ಯಾಯ ಮಾಡಬೇಕಾಯಿತು.

ಇನ್ನೊಮ್ಮೆ ಕೊಲ್ಲಾಪುರದ ಚೌಕದಲ್ಲಿ ಪೊಲೀಸ್ ಹವಾಲ್ದಾರ ಕೈಯೆತ್ತಿ ನಿಲ್ಲಿಸಿದ. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಕಾಕಾ, ದಾರ ಕುಠಾಯ?" ಎಂದ. ಬಾಗಿಲು ಎಲ್ಲಿ ಅಂತ. "ಘರೀ ಠೇವಲಂಯ ಸಾಹೇಬ, ಲಈ ಜಡ ಹೋತಂ" ಎಂದ ಮಾಮಾ. ಮನೆಯಲ್ಲಿಟ್ಟಿದ್ದಾನಂತೆ, ಭಾಳ ಭಾರವಿತ್ತಂತೆ! ಹವಾಲ್ದಾರ ಕಾಗದಗಳನ್ನು ಎರಡೆರಡು ಸಲ ಓದಿದ. ಕೊನೆಗೆ, ಒಂದು ಸಲ ಒಳಗೆ ಕೂತು ನೋಡಲೇ ಎಂದು ತಾನೇ ಕೇಳಿದ.

ಮನೆಯಲ್ಲಿ ಮಾತ್ರ ಬೇರೆ ಹವೆ. "ಮುನಿ ಮಹಾರಾಜರು ಎಲ್ಲಾ ತ್ಯಾಗ ಮಾಡಿ ದೀಕ್ಷಾ ತಗೋತಾರ. ಇವರು ಗಾಡಿಗೆ ದೀಕ್ಷಾ ಕೊಟ್ಟಾರ ನೋಡವಾ. ತಾವ ಮಾತ್ರ ಒಂದ ಪೇಢಾ ಬಿಡೂದಿಲ್ಲ!" ಎನ್ನುತ್ತಿದ್ದಳು ಮಾಮಿ. ನಾನು ನಗುತ್ತಿದ್ದೆ. ಮಾಮಿ ನಗುತ್ತಿರಲಿಲ್ಲ. ಅವಳ ಸಿಟ್ಟಿಗೆ ಕಾರಣವಿತ್ತು.

ಮಾಮಿಯ ತವರು ಗಡಹಿಂಗ್ಲಜ. ಅಲ್ಲಿ ಅವಳ ಅಕ್ಕ ಇದ್ದಾಳೆ. ಪ್ರತಿ ಬೇಸಿಗೆ ಅಕ್ಕತಂಗಿಯರು ಕೂಡಿ ಮೆಣಸಿನಕಾಯಿ ತೊಟ್ಟು ಬಿಡಿಸಿ, ಹುರಿದು, ಕುಟ್ಟಿಸಿ, ಎರಡೂ ಮನೆಗೆ ವರ್ಷದ ಖಾರ ಮಾಡುತ್ತಿದ್ದರು. ಖಾರ ಒಂದು ನೆವ. ನಾಲ್ಕು ದಿನ ಸೀನುತ್ತ, ಮೂಗು ಒರೆಸಿಕೊಳ್ಳುತ್ತ, ವರ್ಷದ ಮಾತೆಲ್ಲ ಆಡಿ ಮುಗಿಸುತ್ತಿದ್ದರು. ಆದರೆ ಮಾಮಿಗೆ ಮುಚ್ಚಿದ ಗಾಡಿ ಆಗುವುದಿಲ್ಲ. ಬಸ್ಸೋ ಕಾರೋ ಹತ್ತಿದರೆ ಕಾಗಲ ಬರುವ ಮೊದಲೇ ಹೊಟ್ಟೆ ತೊಳಸಿ, ವಾಂತಿ. ಹಾಗಾಗಿ ಮಾಮಾನ ಬೈಕಿನ ಹಿಂದೆ ಕೂತೇ ಹೋಗುತ್ತಿದ್ದಳು. ಮೊಣಕಾಲಿನ ಆಪರೇಷನ್ ಆದ ಮೇಲೆ ಬೈಕು ಏರುವುದು ನಿಂತಿತು. ನಾಲ್ಕು ವರ್ಷದಿಂದ ಖಾರ ಬಸ್ಸಿನಲ್ಲಿ ಇತ್ತ ಬರುತ್ತದೆ, ಮಾಮಿ ಅತ್ತ ಹೋಗುವುದಿಲ್ಲ. ಇಂಥ ಹೊತ್ತಿನಲ್ಲಿ ಮಾಮಾ ಮಾಡಿದ್ದೇನು? ಹದಿನಾಲ್ಕು ಕಿಲೋ ಉಳಿಯುತ್ತದೆಂದು ಪಕ್ಕದ ಸೀಟನ್ನೂ ಕಿತ್ತು ಹಾಕಿದ!

"ಮೂವತ್ತ ವರ್ಷ ಇವರ ಬೆನ್ನಹಿಂದ ಕುಂತೇನಿ. ಈಗ ನನ್ನ ಸೀಟ ಜಡ ಆತು" ಎಂದಳು ಮಾಮಿ. ಆ ಕಾರಿನ ಕಡೆ ತಿರುಗಿಯೂ ನೋಡಲಿಲ್ಲ.

ನಾನು ಶನಿವಾರ ಹೋದೆ ಅಂದೆನಲ್ಲ, ಅವತ್ತು ಮಾಮಾ ನನ್ನನ್ನು ಸುತ್ತಾಡಿಸಲು ಹೊರಟ. ಮೊದಲು ನನ್ನ ಕೈಚೀಲ ಇಳಿಸಿದ. ಆಮೇಲೆ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, "ಎಷ್ಟ ಅದಿ?" ಎಂದ. ನಾನು ನಿಜಕ್ಕಿಂತ ಹತ್ತು ಕಿಲೋ ಕಡಿಮೆ ಹೇಳಿದೆ. ಸೀಟಿದ್ದ ಜಾಗದಲ್ಲಿ ನೂಲಿನ ಚೀಲ ಮಡಚಿ ಹಾಕಿ ಕೂರಿಸಿ, ಬೆಲ್ಟು ಬಿಗಿದ.

ಅಯ್ಯೋ, ಏನು ಹೇಳಲಿ! ಇಂಜಿನ್ನು ಗುಡುಗಿತು, ಊರು ಹಿಂದೆ ಬಿತ್ತು, ಎರಡೂ ಕಡೆ ಕಬ್ಬು ಹಸಿರು ಗೋಡೆಗಳಂತೆ ಎದ್ದು ನಿಂತಿತು. ರಸ್ತೆ ನನ್ನಿಂದ ಒಂದು ಗೇಣು ಕೆಳಗೆ ಓಡುತ್ತಿತ್ತು. ಪ್ರತಿ ಕಲ್ಲೂ, ಪ್ರತಿ ತಗ್ಗೂ ನೇರ ಬೆನ್ನಿಗೇ ಬಂದು ವರದಿ ಒಪ್ಪಿಸುತ್ತಿತ್ತು. ಮಾಮಾ ಸ್ಟಿಯರಿಂಗನ್ನು ಎರಡು ಬೆರಳಷ್ಟು ತಿರುಗಿಸಿದರೆ ಸಾಕು, ಕಾರು ಮೇಕೆಮರಿಯ ಹಾಗೆ ಚಂಗನೆ ಹೊರಳುತ್ತಿತ್ತು. ಬೆಲ್ಲದ ಗಾಣದ ಬಿಸಿ ವಾಸನೆ ಮುಖಕ್ಕೇ ಹೊಡೆಯಿತು. ಏಸಿ ಕಾರಿನಲ್ಲಿ ಇದೇ ರಸ್ತೆಯಲ್ಲಿ ನೂರು ಸಲ ಹೋಗಿದ್ದೇನೆ, ಇಲ್ಲಿ ಗಾಣವಿದೆ ಎಂಬುದೇ ಗೊತ್ತಿರಲಿಲ್ಲ! ನನ್ನ ಜಡೆ ಬಿಚ್ಚಿ ಹಾರಾಡುತ್ತಿತ್ತು. ನಾನು ಕಿರುಚುತ್ತಿದ್ದೆ, ನಗುತ್ತಿದ್ದೆ, ಮತ್ತೆ ಕಿರುಚುತ್ತಿದ್ದೆ.

"ಮಾಮಾ, ಸಾವಕಾಶ! ನೂರಾ ಇಪ್ಪತ್ತ ಆಗಿರಬೇಕ!"

"ಐವತ್ತ ಐತಿ!"

ಸುಳ್ಳಿರಬೇಕು ಅಂದುಕೊಂಡೆ. ಅಷ್ಟರಲ್ಲಿ ಪಾಳಿ ಮುಗಿಸಿ ಡಬ್ಬಿ ನೇತುಹಾಕಿಕೊಂಡು ಹೊರಟ ಇಬ್ಬರು ಮಗ್ಗದವರು ಹಳೇ ಬೈಕಿನಲ್ಲಿ ಆರಾಮಾಗಿ ನಮ್ಮನ್ನು ದಾಟಿ, ಕೈ ಬೀಸಿ ಹೋದರು.

"ಜೋರ ಹೋಗೂದ ಯಾರ ಕೈಲೆ ಬೇಕಾದ್ರೂ ಆಕ್ಕೈತಿ" ಎಂದು ಗಾಳಿಯಲ್ಲಿ ಕೂಗಿದ ಮಾಮಾ. "ಐವತ್ತರಾಗ ಇಷ್ಟ ಖುಷಿ ಯಾವ ಗಾಡಿ ಕೊಡ್ತೈತಿ ಹೇಳು!"

ಮನೆಗೆ ಬಂದು ಇಳಿದಾಗ ಮಾಮಿ ನನ್ನನ್ನೇ ನೋಡುತ್ತಿದ್ದಳು. ಅವಳ ರೋಗ ನನಗೂ ಇದೆ. ನಾನೇ ಓಡಿಸಿದರೆ ಸರಿ, ಪಕ್ಕದಲ್ಲಿ ಕೂತರೆ ಲಿಂಬೆಹಣ್ಣು ಬೇಕು. "ಹೊಟ್ಟಿ ತೊಳಸಲಿಲ್ಲೇನ?" ಎಂದು ಮೆಲ್ಲಗೆ ಕೇಳಿದಳು. ಆಗಲೇ ನನಗೂ ಹೊಳೆದದ್ದು. ಒಂದು ಸಲವೂ ತೊಳಸಿರಲಿಲ್ಲ!

ನಾನು ಸೀದಾ ಕಾರ್ಖಾನೆಗೆ ಹೋದೆ. ಮಾಮಾ ಲೇಥಿನ ಮುಂದೆ ನಿಂತಿದ್ದ.

"ಮಾಮಾ, ಈ ಗಾಡ್ಯಾಗ ಮಾಮಿ ವಾಂತಿ ಇಲ್ಲದ ಗಡಹಿಂಗ್ಲಜಕ್ಕ ಹೋಗಬಹುದು. ಅಕ್ಕನ ಮಾರಿ ನೋಡಿ ನಾಕ ವರ್ಷ ಆತು ಅಕಿ. ನೀ ನೋಡಿದ್ರ ಅಕಿ ಸೀಟ ತಗದ ಒಗದಿ."

ಮಾಮಾ ಲೇಥ್ ಬಂದ್ ಮಾಡಿದ. ಮೂಲೆಯಲ್ಲಿ ಬಿದ್ದಿದ್ದ ಸೀಟನ್ನು ಎತ್ತಿ, ತೂಗದೆಯೇ, ಬಿಸಿಲಿಗಿಟ್ಟು ಧೂಳು ಕೊಡವಿದ.

ಮುಂದಿನ ಭಾನುವಾರ ಸೀಟು ತನ್ನ ಜಾಗದಲ್ಲಿತ್ತು. ಅದಕ್ಕೆ ದಪ್ಪ ಗಾದಿ, ಮೊಣಕಾಲಿಗೆ ಭಾರ ಬೀಳದಂತೆ ಹಿಡಿದು ಕೂರಲು ಹೊಸದಾಗಿ ಬೆಸೆದ ಕಬ್ಬಿಣದ ಹಿಡಿಕೆ. ಕಬ್ಬಿಣ! ಮಾಮಿ ಹಿಡಿಕೆಯನ್ನು ನೋಡಿದಳು, ಮಾಮಾನನ್ನು ನೋಡಿದಳು, ಸೆರಗು ಬಿಗಿದು ಕೂತಳು. ನಾನು ಮಾಮಾನ ದೊಡ್ಡ ಕಾರಿನಲ್ಲಿ ಲಿಂಬೆಹಣ್ಣು, ಪ್ಲಾಸ್ಟಿಕ್ ಚೀಲ, ಟವೆಲ್ ಇಟ್ಟುಕೊಂಡು ಹಿಂಬಾಲಿಸಿದೆ. ಕಾಗಲ ದಾಟಿತು. ವಾಂತಿಯಿಲ್ಲ. ನಿಪ್ಪಾಣಿ ದಾಟಿತು. ಮಾಮಿಯ ಕೈ ಮೇಲಕ್ಕೆದ್ದಿತು! ನಾನು ಲಿಂಬೆಹಣ್ಣಿಗೆ ಕೈ ಹಾಕಿದೆ. ನೋಡಿದರೆ ಗಾಳಿಗೆ ಕೈ ಚಾಚಿ ಆಡುತ್ತಿದ್ದಾಳೆ.

ಗಡಹಿಂಗ್ಲಜದಲ್ಲಿ ಬಾಗಿಲಿಗೆ ಬಂದ ಅಕ್ಕ, ಗೂಡಿನಂಥ ತಲೆಯ ತಂಗಿಯನ್ನು ಕಂಡು, "ಏನವಾ, ಗಾಡ್ಯಾಗ ಬಂದಿಯೋ ಹಾರಕೋತ ಬಂದಿಯೋ?" ಎಂದು ಬಾಚಿ ತಬ್ಬಿಕೊಂಡಳು. ಇಬ್ಬರೂ ಅತ್ತರು. ಮೆಣಸಿನಕಾಯಿ ಇನ್ನೂ ಚೀಲದಲ್ಲೇ ಇತ್ತು.

ನಾಲ್ಕು ದಿನದ ಮೇಲೆ ಕರೆತರಲು ಹೋದಾಗಲೂ ನಾನು ಹಿಂದೆಯೇ ಇದ್ದೆ. ಮಾಮಿ ಖಾರದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಮಾಮಾ ಡಬ್ಬಿಯ ತೂಕವನ್ನೂ ಕೇಳಲಿಲ್ಲ. ಆದರೆ ಕಾಗಲದ ಹತ್ತಿರ ಅವನ ಕಾರು ತನ್ನಷ್ಟಕ್ಕೆ ಕಾಟಾದ ಕಡೆ ಹೊರಳಿತು. ಹಳೇ ಚಟ!

"ಕಾಕಾ, ಇವತ್ತ ಭರ್ತಿ ತಂದೀರಲ್ಲರಿ!" ಎಂದು ಕಾಟಾದವನು ನಕ್ಕು ತೂಗಿದ. ಆಮೇಲೆ ಪದ್ಧತಿಯಂತೆ ಹೇಳಿದ, "ಕಾಕು, ಹೀಂಗ ಇಳೀರಿ. ಖಾಲಿ ತೂಕ ಮಾಡೂಣು."

ಮಾಮಿ ಹಿಡಿಕೆಗೆ ಕೈ ಹಾಕಿದಳು. ಮಾಮಾ ಅವಳ ಮುಂಗೈ ಹಿಡಿದ.

"ಕೂಡು. ಇಳೀಬ್ಯಾಡ."

"ಖಾಲಿ ತೂಕ ಬ್ಯಾಡೇನ್ರಿ ಕಾಕಾ?"

"ಅಕಿ ಇಳದ್ರ ಖಾಲಿ ಆಗೂದು ಗಾಡಿ ಅಲ್ಲೋ ತಮ್ಮಾ."

"ಸಾಕ ನಡೀರಿ, ಹಿಂದ ಟ್ರ್ಯಾಕ್ಟರ್ ನಿಂತಾವ" ಎಂದಳು ಮಾಮಿ, ಮುಖ ಆಚೆ ತಿರುಗಿಸಿಕೊಂಡು. ಆದರೆ ಕೈ ಬಿಡಿಸಿಕೊಳ್ಳಲಿಲ್ಲ. ಮಾಮಿಗೆಂದು ಇಟ್ಟುಕೊಂಡಿದ್ದ ಟವೆಲ್ಲು ಕೊನೆಗೆ ನನ್ನ ಕಣ್ಣಿಗೇ ಬೇಕಾಯಿತು.